ಹುಂಜ ಇಟ್ಟ ಮೊಟ್ಟೆ

ದೋಹಾ, ಅಲ್ ಮುಂತಜಾ
೧೯ ಏಪ್ರಿಲ್ ೧೯೯೬, ಶುಕ್ರವಾರ

ಪ್ರೀತಿಯ ಮಗಳು ಜೋಆನ್,

ಅಲ್ಲ, ನೀನು ಹೇಳಿದ ಹಾಗೆ ಹಲ್ಲಿ ಬಂದು ಇಟ್ಟು ಹೋದದ್ದಂತೂ ಅಲ್ಲವೇ ಅಲ್ಲ. ನಿನ್ನೆ ಫೋನು ಅರ್ಧದಲ್ಲಿ ಕಟ್ಟಾಯಿತು, ಇಲ್ಲದಿದ್ದರೆ ಆಗಲೇ ಹೇಳುತ್ತಿದ್ದೆ. ಹಲ್ಲಿಯ ಮೊಟ್ಟೆ ನಾನು ನೋಡದ್ದೇ? ಇದು ಜಾಯಿಕಾಯಿಯಷ್ಟು ದೊಡ್ಡದು, ಉರುಟು. ಸಿಕ್ಕಿದ್ದು ಟೆರೇಸಿನಲ್ಲಿ, ನಮ್ಮ ಪಾಚ್ವೊನ ಪೆಟ್ಟಿಗೆಯಲ್ಲಿ. ಒಂದಲ್ಲ, ಎರಡು. ಇಡೀ ಟೆರೇಸಿನಲ್ಲಿ ಕೋಳಿ ಅಂತ ಇರುವುದು ಅವನೊಬ್ಬ. ಅವನೋ ಹುಂಜ.

ಮಮ್ಮಿ ಅವನನ್ನು ಸೂಕ್ ಬಜಾರಿನಿಂದ ತಂದದ್ದು ನಿನಗೆ ನೆನಪಿರಬೇಕು. ಬುಟ್ಟಿ ತುಂಬ ಬಣ್ಣ ಹಾಕಿದ ಮರಿಗಳು, ಗುಲಾಬಿ, ನೇರಳೆ, ಹಸಿರು. ಹಸಿರಿನದನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದಳು. ಮೂರು ವಾರದಲ್ಲಿ ಬಣ್ಣ ಹೋಗಿ ಬಿಳಿಯಾದ. ನಮ್ಮ ಕೊಂಕಣಿಯ ಹಸಿರು, ಪಾಚ್ವೊ ಎಂಬ ಹೆಸರು ಮಾತ್ರ ಉಳಿಯಿತು. ಅದು ಎಂಬತ್ತೊಂಬತ್ತರಲ್ಲಿ. ಈಗ ಲೆಕ್ಕ ಹಾಕು, ಏಳು ವರ್ಷ.

ಏಳು ಎಂದಾಗಲೇ ನನಗೆ ಹಳೆಯದೊಂದು ನೆನಪಾದದ್ದು. ನಾನು ಕಾಲೇಜಿನಲ್ಲಿ ಇದ್ದದ್ದು ಒಂದೂವರೆ ವರ್ಷ, ಆಮೇಲೆ ನಿನ್ನ ಅಜ್ಜ ತೀರಿಕೊಂಡರು, ನಾನು ಟೈಪಿಂಗಿಗೆ ಸೇರಿದೆ, ಅದೆಲ್ಲ ನಿನಗೆ ಗೊತ್ತು. ಆ ಒಂದೂವರೆ ವರ್ಷದಲ್ಲಿ ಕಲಿತದ್ದರಲ್ಲಿ ತಲೆಯಲ್ಲಿ ಉಳಿದದ್ದು ಒಂದೇ ಮಧ್ಯಾಹ್ನ. ಇಂಗ್ಲಿಷ್ ಪಾಠ ಮಾಡುತ್ತಿದ್ದ ಇಟಲಿಯ ಫಾದರ್ ಒಬ್ಬರು ದೊಡ್ಡ ಚಿತ್ರದ ಪುಸ್ತಕ ಹೊತ್ತು ತಂದಿದ್ದರು. ಏಳೆಂಟುನೂರು ವರ್ಷ ಹಿಂದೆ ಅವರ ಕಡೆಯ ಸನ್ಯಾಸಿಗಳು ಕೂತು ಬರೆದ ಪ್ರಾಣಿಗಳ ಪುಸ್ತಕದ ನಕಲಂತೆ. ಅದರಲ್ಲಿದ್ದ ಪ್ರಾಣಿಗಳಲ್ಲಿ ಅರ್ಧ ಈ ಲೋಕದಲ್ಲೇ ಇಲ್ಲದವು. ಒಂದರ ತಲೆ ಹುಂಜದ್ದು, ಬಾಲ ಹಾವಿನದ್ದು. ಹೆಸರು ಕಾಕಟ್ರೈಸ್, ಬ್ಯಾಸಿಲಿಸ್ಕ್ ಅಂತಲೂ ಹೇಳುವುದುಂಟು. 'ದಿ ಕಿಂಗ್ ಆಫ್ ಆಲ್ ಸರ್ಪೆಂಟ್ಸ್, ಹೂಸ್ ವೆರಿ ಗ್ಲಾನ್ಸ್…' ಮುಂದೆ ಡೆತ್ ಅಂತಲೋ ಡೆಡ್ಲಿ ಅಂತಲೋ ಏನೋ ಒಂದು. ಏಳು ವರ್ಷ ತುಂಬಿದ ಹುಂಜ ಮೊಟ್ಟೆ ಇಡುತ್ತದೆ. ಉರುಟು ಮೊಟ್ಟೆ, ಒಳಗೆ ಹಳದಿ ಇರುವುದಿಲ್ಲ. ಕಪ್ಪೆ ಬಂದು ಕಾವು ಕೊಡುತ್ತದೆ. ಮರಿ ಹೊರಗೆ ಬಂದು ಯಾರ ಮುಖ ನೋಡಿತೋ ಅವರು ಅಲ್ಲೇ ಖಲಾಸ್.

ಇದನ್ನು ಕೆಳಗಿನ ಅಂಗಡಿಯ ಪೊಡಿಯಬ್ಬನಿಗೆ ಹೇಳಿದೆ. ಹೇಳುವಾಗ ಮೊಟ್ಟೆ ಅವನ ಕೈಯಲ್ಲಿತ್ತು, ಜಾರಿಬಿಟ್ಟಿತು. ಒಡೆದದ್ದನ್ನು ನೋಡಿದರೆ ಬರೀ ಬಿಳಿ ಲೋಳೆ! ಹಳದಿ ಹುಡುಕಿದರೂ ಇಲ್ಲ. "ಎಂಥ ಮಾರಾಯ್ರೆ ಇದು ಪೊರ್ಬುಗಳೇ" ಎಂದು ಅವನು, ಊರಲ್ಲಿ ಬ್ಯಾರಿಗಳು ನಮ್ಮ ಕ್ರಿಸ್ತುವರನ್ನು ಕರೆಯುವ ಹಾಗೆಯೇ ಕರೆದು, ಚಪ್ಪಲಿ ಸಮೇತ ಎರಡು ಮೆಟ್ಟಿಲು ಇಳಿದ. ಉಳಿದ ಇನ್ನೊಂದನ್ನು ನಾನು ಹತ್ತಿಯಲ್ಲಿಟ್ಟು, ಮಮ್ಮಿಯ ಸಕ್ಕರೆ ಡಬ್ಬಿಯಲ್ಲಿ ಹಾಕಿ ಮುಚ್ಚಿದ್ದೇನೆ. ಹೆದರಬೇಡ, ದೋಹಾದಲ್ಲಿ ಕಪ್ಪೆ ಎಲ್ಲಿಂದ ಬರಬೇಕು?

ನೀನು ಕಳಿಸಿದ ಇಗರ್ಜಿಯ ಫಾರ್ಮು ಬಂದಿದೆ. ನೋಡುತ್ತೇನೆ.

ನಿನ್ನ ಪಪ್ಪ,
ಆಂಟನಿ

*

ಮಂಗಳೂರು
೬ ಮೇ ೧೯೯೬

ಪಪ್ಪ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮಮ್ಮಿ ಹೋದ ಮೇಲೆ ನಿಮ್ಮಿಂದ ಬಂದ ಮೊದಲ ಉದ್ದ ಪತ್ರ ಇದು. ಉಳಿದವೆಲ್ಲ ಟೆಲಿಗ್ರಾಂ ಹಾಗೆ ಇದ್ದವು: 'ನಾನು ಸೌಖ್ಯ, ನೀನು ಸೌಖ್ಯವೆಂದು ನಂಬಿದ್ದೇನೆ.' ಆ ಹುಂಜಕ್ಕೆ ನನ್ನ ಕಡೆಯಿಂದ ಒಂದು ಹಿಡಿ ಅಕ್ಕಿ ಹಾಕಿ. ನಾಲ್ಕನೇ ಕ್ಲಾಸಿನ ಮಕ್ಕಳಿಗೆ ನಿಮ್ಮ ಮೃಗದ ಕತೆ ಹೇಳಿದೆ. ಈಗ ಯಾರೂ ನನ್ನ ಮುಖ ನೋಡುವುದಿಲ್ಲ, ಮನೆಪಾಠ ಕೇಳಿದರೆ ಎಲ್ಲರೂ ಕಣ್ಣು ಮುಚ್ಚಿಕೊಳ್ಳುತ್ತಾರೆ.

ಆದರೆ ಫಾರ್ಮನ್ನು 'ನೋಡುತ್ತೇನೆ' ಎಂದು ಬಿಡುವ ಹಾಗಿಲ್ಲ ಪಪ್ಪ. ಮಮ್ಮಿಯನ್ನು ಮಣ್ಣು ಮಾಡಿ ಹದಿನೈದು ತಿಂಗಳಾಯಿತು. ಮೇಲೆ ಇರುವುದು ಒಂದು ಮರದ ಶಿಲುಬೆ, ಅದಕ್ಕೂ ಗೆದ್ದಲು ಹತ್ತಿದೆ. ಜಾಗ ಕಾಯಂ ಆಗಬೇಕಾದರೆ ಗಂಡ ತನ್ನ ಕೈಯಾರೆ ತುಂಬಿಸಿ ಸಹಿ ಹಾಕಿದ ಫಾರ್ಮು ಬೇಕು, ನವೆಂಬರ್ ಎರಡರ ಸತ್ತವರ ಹಬ್ಬದೊಳಗೆ ಕಲ್ಲು ಕೂರಬೇಕು. ಇಲ್ಲದಿದ್ದರೆ ಮುಂದೆ ಅದೇ ಜಾಗವನ್ನು ಇನ್ನೊಬ್ಬರಿಗೆ ಅಗೆಯುತ್ತಾರೆ. ಎಲ್ಲರಿಗೂ ಇರುವ ನಿಯಮ, ನಮಗೆ ಮಾತ್ರ ಅಲ್ಲ. ಕಾರ್ಕಳದ ಕೆತ್ತುವವರು ಕರಿಕಲ್ಲು ತೆಗೆದಿಟ್ಟಿದ್ದಾರೆ, ಫಾರ್ಮಿನಲ್ಲಿ ಇರುವ ಹಾಗೆಯೇ ಕೆತ್ತುತ್ತಾರಂತೆ.

ಆರೇ ಕಾಲಮ್ಮು ಪಪ್ಪ. ಹೆಸರು, ಹುಟ್ಟು, ಮರಣ, ಅಷ್ಟೇ. ದೋಹಾದ ಅರ್ಧ ಊರಿನ ಫಾರ್ಮು ತುಂಬಿಸಿದವರು ನೀವು.

ಪ್ರೀತಿಯಿಂದ,
ಜೋಆನ್

*

ದೋಹಾ
೨೧ ಜೂನ್ ೧೯೯೬, ಶುಕ್ರವಾರ

ಪ್ರೀತಿಯ ಜೋಆನ್,

ಇನ್ನೊಂದು ಸಂಗತಿ ನೆನಪಾಯಿತು, ಮರೆಯುವ ಮೊದಲು ಬರೆಯುತ್ತೇನೆ. ಆ ಮೃಗ ಮನುಷ್ಯರನ್ನು ಮಾತ್ರ ಅಲ್ಲ, ನೋಡಿದ್ದನ್ನೆಲ್ಲ ಒಣಗಿಸುತ್ತದೆ. ಹುಲ್ಲು ನೋಡಿದರೆ ಹುಲ್ಲು, ಮರ ನೋಡಿದರೆ ಮರ. ಮರುಭೂಮಿಯಲ್ಲಿ ಅದು ವಾಸ ಮಾಡುತ್ತದೆ ಎಂದು ಜನ ಹೇಳುತ್ತಾರಲ್ಲ, ಅದು ಉಲ್ಟಾ ಎಂದರು ಫಾದರ್: ಅದು ವಾಸ ಮಾಡಿದ್ದಕ್ಕೇ ಮರುಭೂಮಿ ಆದದ್ದು. 'ಇಟ್ ಮೇಕ್ಸ್ ದಿ ಡೆಸರ್ಟ್ ಇನ್ ವಿಚ್ ಇಟ್ ಲಿವ್ಸ್.' ಈ ಒಂದು ವಾಕ್ಯ ಪೂರ್ತಿ ನೆನಪಿದೆ ನೋಡು, ಒಂದು ಅಕ್ಷರ ತಪ್ಪಿಲ್ಲ. ಕಳೆದ ವಾರ ಆಫೀಸಿನ ಕೆಲಸಕ್ಕೆ ಅಲ್ ವಕ್ರಾಕ್ಕೆ ಹೋಗುವಾಗ ಎರಡೂ ಬದಿ ನೋಡಿದೆ. ಈ ದೇಶವನ್ನು ಅದು ಬಹಳ ಹೊತ್ತು ದಿಟ್ಟಿಸಿರಬೇಕು.

ಅದಕ್ಕೆ ಹಿಂದಿನ ಕಾಲದ ಪ್ರಯಾಣಿಕರು ಮರಳುಗಾಡು ದಾಟುವಾಗ ಕಂಕುಳಲ್ಲಿ ಒಂದು ಹುಂಜ ಹಿಡಿದುಕೊಂಡು ಹೋಗುತ್ತಿದ್ದರಂತೆ. ಹುಂಜದ ಕೂಗು ಕಿವಿಗೆ ಬಿದ್ದರೆ ಮೃಗ ಒದ್ದಾಡಿ ಸಾಯುತ್ತದೆ. ಹುಂಜದಿಂದಲೇ ಹುಟ್ಟಿದ್ದು ಹುಂಜಕ್ಕೇ ಹೆದರುವುದು, ಹೇಗಿದೆ ಕತೆ?

ನಿನ್ನೆ ಸಂಜೆ ಪೊಡಿಯಬ್ಬ ಟೆರೇಸಿಗೆ ಬಂದಿದ್ದ. ಕೈಯಲ್ಲಿ ಅವನ ಹೆಂಡತಿ ಆಯಿಷಮ್ಮ ಕೊಟ್ಟ ಪತ್ತಿರಿ ರೊಟ್ಟಿ, ಇನ್ನೊಂದು ಕೈಯಲ್ಲಿ ಮುಖ ಕ್ಷೌರದ ಕನ್ನಡಿ. ಕನ್ನಡಿಯಲ್ಲಿ ತನ್ನ ಮುಖ ತಾನೇ ನೋಡಿದರೂ ಅದು ಸಾಯುತ್ತದೆ ಎಂದು ನಾನು ಒಮ್ಮೆ ಹೇಳಿದ್ದೆ, ಅದಕ್ಕೆ. ಡಬ್ಬಿಯ ಮುಚ್ಚಳದ ಎದುರು ಕನ್ನಡಿ ನಿಲ್ಲಿಸಿ ಕೂತ. ಆಮೇಲೆ ಕೇಳಿದ:

"ಅಲ್ಲ ಪೊರ್ಬುಗಳೇ, ನನಗೊಂದು ಡೌಟು. ಅದನ್ನು ನೋಡಿದವ ಸಾಯ್ತಾನೆ ಅಂತಲ್ವಾ?"

"ಹೌದು."

"ತಲೆ ಹುಂಜದ್ದು, ಬಾಲ ಹಾವಿನದ್ದು ಅಂತ ಚಿತ್ರ ಬರೆದದ್ದು ಮತ್ತೆ ಯಾರು?"

ನಾನು ಪತ್ತಿರಿ ಮುರಿದು ಬಾಯಿಗೆ ಹಾಕಿಕೊಂಡೆ. ಅವನೇ ಮುಂದುವರಿಸಿದ.

"ಯಾರೋ ಒಬ್ಬ ನೋಡಿದ್ದಾನೆ ಮಾರಾಯ್ರೆ. ನೋಡಿ, ಮನೆಗೆ ಬಂದು, ಊಟ ಮಾಡಿ, ಕೂತು ಬರ್ದಿದ್ದಾನೆ."

"ಬ್ಯಾರಿ, ನೀನು ಕಾಲೇಜಿಗೆ ಹೋಗಬೇಕಿತ್ತು."

"ಹೋಗಿದ್ರೆ ನಾನೂ ಹೆದರ್ತಿದ್ದೆ" ಎಂದ ಅವನು.

ಹಾಗೆ ನಗಾಡಿಕೊಂಡು ಇದ್ದೇವೆ. ಮನೆ ಇದ್ದ ಹಾಗೆಯೇ ಇದೆ, ಏನೂ ಬದಲಾಯಿಸಿಲ್ಲ. ಮಮ್ಮಿಯ ಮಲ್ಲಿಗೆ ಡ್ರಮ್ಮಿಗೆ ದಿನಾ ನೀರು ಹಾಕುತ್ತೇನೆ, ಈ ಸೆಕೆಯಲ್ಲಿ ಹೂ ಬಿಡುವುದಿಲ್ಲ, ಎಲೆ ಉಂಟು. ಅವಳ ಮನೆಯ ಚಪ್ಪಲಿ ಒಳಬಾಗಿಲಿನ ಹತ್ತಿರ ಇದೆ, ಬಂದವರು ಎಡವದ ಹಾಗೆ ಗೋಡೆಗೆ ಒತ್ತಿ ಇಟ್ಟಿದ್ದೇನೆ.

ಫಾರ್ಮು ಮೇಜಿನ ಮೇಲೆಯೇ ಇದೆ. ಆಫೀಸಿನಲ್ಲಿ ಈಗ ಕೆಲಸ ಜಾಸ್ತಿ. ಎಲ್ಲರೂ ರಜೆಗೆ ಹೋಗುವ ಕಾಲವಲ್ಲವೇ? ಅರ್ಜಿ, ಎಕ್ಸಿಟ್ ಪರ್ಮಿಟ್ಟು, ಎಲ್ಲ ನನ್ನ ಟೇಬಲ್ಲಿಗೇ ಬರುವುದು.

ನಿನ್ನ ಪಪ್ಪ

*

ಮಂಗಳೂರು
೧೪ ಜುಲೈ ೧೯೯೬

ಪಪ್ಪ,

ಈ ಸಲ ನಾನು ನಗಲಿಲ್ಲ.

ನಿನ್ನೆ ಮಮ್ಮಿಯ ಹತ್ತಿರ ಹೋಗಿದ್ದೆ. ಶಿಲುಬೆ ಬಿದ್ದಿತ್ತು. ಎತ್ತಿ ಎರಡು ಕಲ್ಲು ಒತ್ತುಕೊಟ್ಟು ನಿಲ್ಲಿಸಿ ಬಂದೆ. ಪಕ್ಕದ ಎರಡು ಜಾಗಗಳಿಗೆ ಕಲ್ಲು ಬಂದಿದೆ, ನಡುವೆ ನಮ್ಮದೊಂದೇ ಬರಿ ಮಣ್ಣು. ಅಲ್ಲಿ ನಿಂತಾಗ ಒಂದು ವಿಷಯ ಹೊಳೆಯಿತು. ಬರೆಯುವುದೋ ಬೇಡವೋ ಎಂದು ರಾತ್ರಿ ಊಟದವರೆಗೂ ಯೋಚಿಸಿದೆ. ಬರೆಯುತ್ತೇನೆ, ಬೈಯಬೇಡಿ.

ನೀವು ಇದನ್ನು ನೋಡಿಯೇ ಇಲ್ಲ. ಆ ದಿನ ಗೇಟಿನವರೆಗೆ ಬಂದಿರಿ. ಎಲ್ಲರೂ ಒಳಗೆ ಹೋದಾಗ ನೀವು ಹೊರಗೇ ನಿಂತಿರಿ. ಬಿ.ಪಿ. ಇರಬೇಕು ಎಂದು ಚಿಕ್ಕಪ್ಪ ಹೇಳಿದರು, ನಾನೂ ನಂಬಿದೆ. ಮಮ್ಮಿ ಹೋಗಿ ಒಂಬತ್ತನೇ ದಿನಕ್ಕೆ ಬಾಂಬೆ ಬಸ್ಸು ಹತ್ತಿದಿರಿ. ಇಬ್ಬರು ಎರಡು ತಿಂಗಳ ರಜೆಗೆ ಬಂದವರು, ಒಬ್ಬರೇ ರಜೆಯ ಹದಿನೇಳನೇ ದಿನಕ್ಕೆ ಹಿಂದೆ ಹೋದಿರಿ. ಆಮೇಲೆ ಈ ಕಡೆ ತಲೆ ಹಾಕಲಿಲ್ಲ.

ನಾನು ನಿಮ್ಮ ಹತ್ತಿರ ಬೇರೆ ಏನೂ ಕೇಳುವುದಿಲ್ಲ. ಆ ಜಾಗ ಮಮ್ಮಿಯದಾಗಿ ಉಳಿಯಬೇಕು. ಅದು ನನ್ನ ಕೈಬರಹದಿಂದ ಆಗುವುದಿದ್ದರೆ ನಾನು ಇಷ್ಟರಲ್ಲಿ ಹತ್ತು ಫಾರ್ಮು ತುಂಬಿಸುತ್ತಿದ್ದೆ.

ಜೋಆನ್

(ಕೋಪ ಇಲ್ಲ. ಸ್ವಲ್ಪ ಉಂಟು. ಮಳೆ ಜೋರಿದೆ, ಶಾಲೆಗೆ ಎರಡು ದಿನ ರಜೆ ಕೊಟ್ಟಿದ್ದಾರೆ. ಔಷಧಿ ತಪ್ಪಿಸಬೇಡಿ.)

*

ದೋಹಾ
೨೩ ಆಗಸ್ಟ್ ೧೯೯೬

ಪ್ರೀತಿಯ ಮಗಳಿಗೆ,

ಫಾರ್ಮು ತುಂಬಿಸಿ ಇದರ ಜೊತೆ ಇಟ್ಟಿದ್ದೇನೆ. ಸಹಿ ಎರಡು ಕಡೆ ಹಾಕಿದ್ದೇನೆ, ಬೇಕಾಗಬಹುದು ಎಂದು. ಆಫೀಸಿನ ಊಟದ ಹೊತ್ತಿನಲ್ಲಿ ಬರೆದದ್ದು, ಅಕ್ಷರ ಅಷ್ಟು ಚೆಂದ ಬಂದಿಲ್ಲ.

ನಾನು ಸೌಖ್ಯ.

ಪಪ್ಪ

*

ಮಂಗಳೂರು
೯ ಸೆಪ್ಟೆಂಬರ್ ೧೯೯೬

ನನ್ನ ಪಪ್ಪ,

ನಿನ್ನೆ ಮೊಂತಿ ಹಬ್ಬ. ಹೊಸ ಭತ್ತದ ತೆನೆ ಮನೆಗೆ ತಂದು, ಕಾಳು ಸುಲಿದು ಪಾಯಸಕ್ಕೆ ಹಾಕಿದೆ. ಹೊರಗಿರುವವರ ಪಾಲೆಂದು ನಿಮಗೆ ನಾಲ್ಕು ಕಾಳು ತೆಗೆದಿಟ್ಟಿದ್ದೇನೆ, ಇದರೊಳಗೆ ಸಿಗುತ್ತದೆ. ಕಾಗದ ಅಲ್ಲಾಡಿಸಬೇಡಿ.

ಫಾರ್ಮು ಹಿಂದೆ ಕಳಿಸುತ್ತಿದ್ದೇನೆ. ಬೇಸರ ಮಾಡಬೇಡಿ. ಇಗರ್ಜಿಯ ಆಫೀಸಿಗೆ ಕೊಟ್ಟಿರಲಿಲ್ಲ, ನಾನೇ ಮೊದಲು ನೋಡಿದೆ. ಮೂರನೇ ಕಾಲಮ್ಮು, ಮರಣದ ತಾರೀಕು, ಖಾಲಿ ಇದೆ. ನಾಲ್ಕನೆಯದು, 'ಪತ್ನಿ ಈಗ ಇರುವ ಸ್ಥಳ' ಎಂದರೆ ಗೋರಿಯ ಸಾಲು, ನಂಬರು ಬರೆಯಬೇಕಿತ್ತು. ನೀವು ಅಲ್ಲಿ ಬರೆದು, ಆಮೇಲೆ ಗೆರೆ ಎಳೆದಿದ್ದೀರಿ. ಗೆರೆ ತೆಳ್ಳಗಿದೆ. ಅಡಿಯಲ್ಲಿ ಓದಿದೆ.

'ರಜೆಯ ಮೇಲೆ ಊರಿಗೆ ಹೋಗಿದ್ದಾರೆ.'

ಮೊದಲು ನಗು ಬಂತು ಪಪ್ಪ. ಇಪ್ಪತ್ತೆರಡು ವರ್ಷ ಆಫೀಸಿನಲ್ಲಿ ಎಲ್ಲರ ಹೆಂಡತಿಯರಿಗೂ ಅದೇ ವಾಕ್ಯ ಬರೆದು ಕೈಗೆ ಅಭ್ಯಾಸ ಆಗಿದೆ ಎಂದುಕೊಂಡೆ. ಆಮೇಲೆ ಅಡುಗೆಮನೆಗೆ ಹೋಗಿ ಬಹಳ ಹೊತ್ತು ಕೂತೆ. ಇಲ್ಲಿ ನನಗೆ ದಿನಾ ಬೆಳಿಗ್ಗೆ ಅವಳು ಇಲ್ಲ. ಅಲ್ಲಿ ನಿಮಗೆ ಅವಳು ಇನ್ನೂ ಬಂದಿಲ್ಲ, ಅಷ್ಟೇ. ನಾನಾಗಿದ್ದರೆ ನಾನೂ ಆ ಮನೆ ಬಿಟ್ಟು ಬರುತ್ತಿರಲಿಲ್ಲವೋ ಏನೋ.

ಇನ್ನು ಒತ್ತಾಯ ಮಾಡುವುದಿಲ್ಲ. ಖಾಲಿ ಫಾರ್ಮು ಒಂದು ಹೆಚ್ಚಿಗೆ ಇಟ್ಟಿದ್ದೇನೆ. ಅಕ್ಟೋಬರ್ ಇಪ್ಪತ್ತೆರಡರವರೆಗೆ ಕಾಯುತ್ತೇವೆ ಎಂದಿದ್ದಾರೆ ಕೆತ್ತುವವರು, ಆಮೇಲೆ ಕಲ್ಲು ಹಬ್ಬಕ್ಕೆ ಸಿದ್ಧವಾಗುವುದಿಲ್ಲ.

ನಿಮ್ಮದೇ,
ಜೋಆನ್

*

ದೋಹಾ
೧೮ ಅಕ್ಟೋಬರ್ ೧೯೯೬, ಶುಕ್ರವಾರ

ಪ್ರೀತಿಯ ಮಗಳು ಜೋಆನ್,

ಹಾಗಾದರೆ ನನ್ನ ಮೃಗ ಸತ್ತಿತು. ಕನ್ನಡಿಯಿಂದ ಅಲ್ಲ, ಹುಂಜದ ಕೂಗಿನಿಂದಲೂ ಅಲ್ಲ. ಪೊಡಿಯಬ್ಬನ ಬಾಯಿಂದ.

ಅವನೂ ಆಯಿಷಮ್ಮನೂ ಈ ತಿಂಗಳ ಕೊನೆಗೆ ಅಲ್ ವಕ್ರಾಕ್ಕೆ ಮನೆ ಬದಲಾಯಿಸುತ್ತಾರೆ. ಬೆಳಿಗ್ಗೆ ನಾನು ಬಲಿಪೂಜೆ ಮುಗಿಸಿ ಬಂದಾಗ ಗಂಡ ಹೆಂಡತಿ ಇಬ್ಬರೂ ನನ್ನ ಟೆರೇಸಿನಲ್ಲಿ ನಿಂತಿದ್ದರು, ತಪ್ಪು ಮಾಡಿದ ಶಾಲೆ ಮಕ್ಕಳ ಹಾಗೆ. ಆಯಿಷಮ್ಮನ ಕೈಯಲ್ಲಿ ಒಂದು ಕೆಂಪು ಹೇಂಟೆ ಕೋಳಿ.

"ಹೇಳಿ ನೀವೇ" ಎಂದಳು ಅವಳು ಗಂಡನಿಗೆ.

"ನೀನೇ ತಾನೇ ತಂದದ್ದು, ನೀನು ಹೇಳು."

"ನಿಮ್ಮ ಬಾಯಿಗೆ ಎಂಥ ಆಗಿದೆ? ಇಡೀ ಬಜಾರಿಗೆ ಹೇಳ್ಲಿಕ್ಕೆ ಆಗ್ತದೆ!"

ಕಡೆಗೆ ಪೊಡಿಯಬ್ಬನೇ ಹೇಳಿದ. ಮಮ್ಮಿ ಹೋದ ಮೇಲೆ ಪಾಚ್ವೊ ಬೆಳಿಗ್ಗೆ ಕೂಗುವುದನ್ನೇ ಬಿಟ್ಟಿದ್ದನಂತೆ. ನೋಡು, ನನಗೆ ಅದೂ ಗೊತ್ತಾಗಿರಲಿಲ್ಲ. ಅವನಿಗೆ ಜೊತೆ ಬೇಕು ಎಂದು ಆಯಿಷಮ್ಮ ಒಂದು ಪಡ್ಡೆ ಹೇಂಟೆ ತಂದು, ನಾನು ಆಫೀಸಿಗೆ ಹೋದ ಮೇಲೆ ಟೆರೇಸಿನಲ್ಲಿ ಬಿಟ್ಟು, ಬರುವ ಮೊದಲು ಇಳಿಸಿಕೊಂಡು ಹೋಗುತ್ತಿದ್ದಳು. ನನ್ನನ್ನು ಕೇಳಿದರೆ ಬೇಡ ಅನ್ನುತ್ತೇನೆ ಎಂದು ಗೊತ್ತಿತ್ತು ಅವಳಿಗೆ. ಏನನ್ನೂ ಬದಲಾಯಿಸಲು ಬಿಡುತ್ತಿರಲಿಲ್ಲವಲ್ಲ ನಾನು. ಪಡ್ಡೆ ಮೊದಲ ಸಲ ಇಡುವಾಗ ಕೆಲವೊಮ್ಮೆ ಹಾಗೆ ಸಣ್ಣದು, ಹಳದಿ ಇಲ್ಲದ್ದು ಬರುತ್ತದಂತೆ. ಕೋಳಿ ಸಾಕಿದವರಿಗೆಲ್ಲ ಗೊತ್ತಿರುವ ಸಂಗತಿ.

"ಆವತ್ತೇ ಹೇಳಬಾರದಿತ್ತೇ ಬ್ಯಾರಿ? ಮೆಟ್ಟಿಲು ಇಳಿದು ಓಡಿದೆಯಲ್ಲ!"

"ಓಡಿದ್ದು ನಗು ಬಂದು ಪೊರ್ಬುಗಳೇ." ಆಮೇಲೆ ತಲೆ ತಗ್ಗಿಸಿದ. "ಒಂದು ವರ್ಷ ನೀವು ಸಲಾಮಿಗೆ ಸಲಾಂ ಬಿಟ್ರೆ ಮಾತೇ ಆಡಿರ್ಲಿಲ್ಲ. ಆ ಮೊಟ್ಟೆ ಹಿಡ್ಕೊಂಡು ಶುರು ಮಾಡಿದ್ರಿ, ಕಾಲೇಜು, ಫಾದರು, ಹಾವು, ಹುಂಜ. ಮತ್ತೆ ಹೇಗೆ ಹೇಳುವುದು? ಮಾತು ನಿಂತುಬಿಟ್ರೆ?"

ಆಯಿಷಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ನಾನು ಕುರ್ಚಿಯಲ್ಲಿ ಕೂತೆ. ಅವಳು ಹೇಂಟೆಯನ್ನು ಕೆಳಗೆ ಬಿಟ್ಟಿದ್ದಳು. ಅದು ನಾಚಿಕೆ ಇಲ್ಲದೆ ಮಲ್ಲಿಗೆ ಡ್ರಮ್ಮಿನ ಮಣ್ಣು ಕೆದರುತ್ತಿತ್ತು.

ಪಾಚ್ವೊನನ್ನು ಅವರ ಜೊತೆ ಕಳಿಸುತ್ತೇನೆ ಎಂದೆ. ಅಲ್ ವಕ್ರಾದ ಮನೆಗೆ ಅಂಗಳ ಉಂಟಂತೆ. ಆಯಿಷಮ್ಮ ಬೇಡ ಎನ್ನಬಹುದು ಎಂದುಕೊಂಡಿದ್ದೆ, ಅವಳು ಆಗಲೇ ಬುಟ್ಟಿ ತಂದಿದ್ದಳು.

ಅವರು ಇಳಿದು ಹೋದ ಮೇಲೆ ಮೇಜು ತಂದು ಟೆರೇಸಿನಲ್ಲಿ ಹಾಕಿದೆ. ನಾಳೆ ಅವರ ಅಳಿಯ ಶರೀಫ್ ಬಾಂಬೆ ದಾರಿಯಾಗಿ ಊರಿಗೆ ಹೋಗುತ್ತಾನೆ, ಇದನ್ನು ಅವನ ಕೈಯಲ್ಲಿ ಕಳಿಸುತ್ತೇನೆ, ಸೋಮವಾರ ನಿನಗೆ ಮುಟ್ಟುತ್ತದೆ. ನಾಲ್ಕು ಗಂಟೆಗೆ ಕೂತವನು. ಮೊದಲನೇ ಕಾಲಮ್ಮು ಬರೆದೆ, ಎರಡನೆಯದು ಬರೆದೆ, ಎದ್ದು ಗಿಡಕ್ಕೆ ನೀರು ಹಾಕಿದೆ. ಬಂದು ಕೂತೆ. ಚಹಾ ಮಾಡಿಕೊಂಡೆ. ಯಾರದ್ದಾದರೂ ಬರೆದುಕೊಡುವುದು ಬೇರೆ, ಎದುರಿಗೆ ಅವರು ನಿಂತು ಹೇಳುತ್ತಾರೆ, ನನ್ನದು ಬರೀ ಕೈ. ನನ್ನ ಕೆಲಸದಲ್ಲಿ ಒಂದು ಪದ್ಧತಿ ಉಂಟು, ಖಾಲಿ ಕಾಲಮ್ಮು ಬಿಟ್ಟ ಫಾರ್ಮನ್ನು ಯಾವ ಕೌಂಟರಿನವನೂ ಮುಟ್ಟುವುದಿಲ್ಲ, ಮಾಫಿ, ಆಗುವುದಿಲ್ಲ, ಎಂದು ಎಸೆಯುತ್ತಾನೆ. ಇಪ್ಪತ್ತೆರಡು ವರ್ಷ ಬಂದವರಿಗೆಲ್ಲ ನಾನೇ ಅದನ್ನು ಹೇಳಿದ್ದು.

ಮರಣ: ೩ ಫೆಬ್ರವರಿ ೧೯೯೫.

ಬರೆದೆ. ಪೆನ್ನು ಒತ್ತಿ ಬರೆದಿದ್ದೇನೆ, ಕೆತ್ತುವವರಿಗೆ ಸರಿಯಾಗಿ ಕಾಣಬೇಕು. ಬರೆದು, ಎದ್ದು ಹೋಗಲಿಲ್ಲ. ಅದನ್ನೇ ನೋಡುತ್ತ ಕೂತೆ. ಬಹಳ ಹೊತ್ತು ನೋಡಿದೆ ಬಾಯ್, ನನ್ನ ಮಗಳೇ.

'ಕಲ್ಲಿನ ಮೇಲೆ ಬೇರೆ ಮಾತು' ಎಂಬಲ್ಲಿ ಏನೂ ಬೇಡ ಎಂದು ಹಾಕಿದ್ದೇನೆ. ಬರೀ ಉರ್ಸುಲಾ, ಎರಡು ತಾರೀಕು. ಅವಳಿಗೆ ಹೆಚ್ಚು ಮಾತು ಆಗುತ್ತಿರಲಿಲ್ಲ, ನನ್ನದನ್ನೇ ಮೂವತ್ತು ವರ್ಷ ಕೇಳಿ ಅವಳಿಗೆ ಸಾಕೋ ಸಾಕಾಗಿತ್ತು.

ರಜೆ ಸಿಕ್ಕಿದೆ. ಇಪ್ಪತ್ತೆಂಟಕ್ಕೆ ಇಲ್ಲಿಂದ ಹೊರಟು, ಮೂವತ್ತಕ್ಕೆ ಮಂಗಳೂರು. ಟಿಕೆಟು ಒಬ್ಬನದು.

ನಾಲ್ಕನೇ ಕಾಲಮ್ಮನ್ನು ಮಾತ್ರ ನೀನೇ ತುಂಬಿಸಬೇಕು, ಅಷ್ಟಕ್ಕೆ ಇಗರ್ಜಿಯ ಫಾದರ್ ಒಪ್ಪುತ್ತಾರೆ ಎಂದು ನಂಬುತ್ತೇನೆ. ಅವಳು ಯಾವ ಸಾಲಿನಲ್ಲಿದ್ದಾಳೆ ಎಂದು ನನಗೆ ಗೊತ್ತಿಲ್ಲ. ಗೇಟಿನಿಂದ ಎಡಕ್ಕೋ ಬಲಕ್ಕೋ ಅದೂ ಗೊತ್ತಿಲ್ಲ. ಬಸ್ಸಿನಿಂದ ಇಳಿದವನು ಸೀದಾ ಮನೆಗೆ ಬರುವುದಿಲ್ಲ, ನೀನು ಆ ಗೇಟಿನ ಹತ್ತಿರಕ್ಕೇ ಬಾ. ಕೈ ಹಿಡಿದು ಕರೆದುಕೊಂಡು ಹೋಗಿ ತೋರಿಸು. ಇನ್ನೂ ಹೇಳುವುದಿತ್ತು, ಆದರೆ ಬೆಳಕು ಹೋಗುತ್ತಾ ಇದೆ, ಈ ಸಾಲು ಕಾಗದದ ಮೇಲೆ ಇದೆಯೋ ಮೇಜಿನ ಮೇಲೆ ಇದೆಯೋ ಎಂದೇ

ನಿನ್ನ ಪಪ್ಪ